ಹೋದವರಿಗೆ ಇಷ್ಟವಾದ ಅಡುಗೆ

ಇವತ್ತು ನವೆಂಬರ್ 2. ಮೆಕ್ಸಿಕೋದ 'ಸತ್ತವರ ದಿನ' ಹಬ್ಬದಲ್ಲಿ, ತೀರಿಹೋದ ಹಿರಿಯರಿಗೆ ಎಡೆ ಇಡುವ ದಿನ. ನಿನ್ನೆಯದು ಎಳೆ ವಯಸ್ಸಲ್ಲೇ ಹೋದ ಮಕ್ಕಳಿಗೆ. ಮಕ್ಕಳಿಗೆ ಅಂತಲೇ ಒಂದು ದಿನ ಬೇರೆ ಇಟ್ಟಿದ್ದಾರಲ್ಲ, ಅದೇ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು.

ಈ ಹಬ್ಬಕ್ಕೆ ಅಲ್ಲಿನ ಮಾರುಕಟ್ಟೆಗಳು ಮೊದಲೇ ತಯಾರಾಗುತ್ತವೆ. ಟೊಲೂಕಾ ಊರಲ್ಲಂತೂ ಸಕ್ಕರೆ ಗೊಂಬೆಗಳದ್ದೇ ದೊಡ್ಡ ಜಾತ್ರೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಅಚ್ಚಲ್ಲಿ ಮಾಡಿದ ತಲೆಬುರುಡೆಗಳು. ಮೇಲೆ ಬಣ್ಣದ ಚಿತ್ತಾರ, ಹಣೆಯ ಮೇಲೆ ಹೆಸರು. ಪಕ್ಕದಲ್ಲೇ 'ಪಾನ್ ದೆ ಮುಯೆರ್ತೊ' ಅನ್ನುವ ದುಂಡನೆಯ ಸಿಹಿ ಬ್ರೆಡ್ಡು. ಹಿಟ್ಟನ್ನೇ ಮೂಳೆಯ ಹಾಗೆ ಹೊಸೆದು ಮೇಲೆ ಅಡ್ಡಡ್ಡ ಇಟ್ಟು ಬೇಯಿಸಿ, ಸಕ್ಕರೆ ಉದುರಿಸುತ್ತಾರೆ. ವಾಹಾಕಾ ಕಡೆ ಬ್ರೆಡ್ಡಿಗೆ ಬಣ್ಣ ಬಳಿದ ಪುಟ್ಟ ಮುಖವೊಂದನ್ನು ಸಿಕ್ಕಿಸುತ್ತಾರೆ. ಎಷ್ಟು ಚೆಂದ!

ಎಡೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆ, ಒಣಮೆಣಸಿನಕಾಯಿ ಅರೆದು ಮಾಡಿದ 'ಮೋಲೆ' ಅನ್ನುವ ಕಪ್ಪು ಗೊಜ್ಜು, ಬೆಲ್ಲದಲ್ಲಿ ಬೇಯಿಸಿದ ಕುಂಬಳಕಾಯಿ. ದೂರದಿಂದ ಬಂದವರ ಬಾಯಾರಿಕೆಗೆ ಒಂದು ಲೋಟ ನೀರು. ಅಜ್ಜನಿಗೆ ಇಷ್ಟ ಇದ್ದರೆ ಮೆಸ್ಕಾಲ್ ಮದ್ಯವೂ ಉಂಟು. ಸುತ್ತ ರಾಶಿ ರಾಶಿ ಚೆಂಡುಹೂವು. ಆ ಹೂವಿನ ತವರು ಮೆಕ್ಸಿಕೋನೇ, ನಮ್ಮ ಕಡೆಗೆ ಆಮೇಲೆ ಬಂದದ್ದು.

2008ರಲ್ಲಿ ಯುನೆಸ್ಕೋ ಈ ಆಚರಣೆಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನನಗೆ ದೊಡ್ಡದು ಅನಿಸುವುದು ಆ ಅಡುಗೆಮನೆಯ ನೆನಪೇ. ಯಾರಿಗೆ ಖಾರ ಬೇಕಿತ್ತು, ಯಾರಿಗೆ ಸಿಹಿ ಅಂತ ನೆನಪಿಟ್ಟು ಬಡಿಸುವುದು ಸುಮ್ನೆ ಮಾತಲ್ಲ, ಅಲ್ವಾ?

ಮಹಾಲಯಕ್ಕೆ ನಿಮ್ಮ ಮನೆಯ ಎಡೆಯಲ್ಲಿ ಯಾರಿಗಾಗಿ ಏನು ಇಡ್ತೀರಿ? ಹೇಳಿ, ಓದಲು ಆಸೆ.