ಕಾಲು ಎಲ್ಲಿಗೆ ಹೋಗುತ್ತೆ ಅಂತ ಕೇಳದೆ ಸೀಟು ಹಾಕಿದ್ದೆ

ಬೆಳಗ್ಗೆ ಆಫೀಸಿಗೆ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಫೋನಿಗೆ ಒಂದು ಫೋಟೋ ಬಂತು. ವಿಮಾನದೊಳಗಿನ ಮಂದ ಬೆಳಕು, ಮುದ್ದೆಯಾದ ಹೊದಿಕೆ, ಅದರ ತುದಿಯಲ್ಲಿ ಸಾಕ್ಸ್ ಹಾಕಿದ ಎರಡು ಪಾದ. ಒಂದು ಪಾದ ಎದುರಿನ ಕಾಲಿಡುವ ಗೂಡಿನೊಳಗೆ ಓರೆಯಾಗಿ ಸಿಕ್ಕಿಕೊಂಡಿತ್ತು, ಇನ್ನೊಂದು ಓಡಾಡುವ ದಾರಿಗೆ ಚಾಚಿಕೊಂಡಿತ್ತು. ಕೆಳಗೆ ಹೀಗೆ ಬರೆದಿದ್ದರು: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆಯೇನೋ ಇದೆ ಮೇಡಂ, ಚಾಚೋದು ಎಲ್ಲಿಗೆ?"

ನಾನು ಕಂಪನಿಯೊಂದರ ಟ್ರಾವೆಲ್ ಡೆಸ್ಕ್‌ನಲ್ಲಿದ್ದೇನೆ. ಟಿಕೆಟ್ ತೆಗೆಯೋದು, ಸೀಟು ಹಾಕೋದು, ವಿಮಾನ ತಪ್ಪಿಸಿಕೊಂಡವರ ಬೈಗುಳ ಕೇಳೋದು, ಇದೇ ಕೆಲಸ. ಫೋಟೋ ಕಳಿಸಿದವರು ನಮ್ಮ ಪ್ರಾಜೆಕ್ಟ್ ತಂಡದ ಹಿರಿಯ ಎಂಜಿನಿಯರ್. ಎತ್ತರ 6 ಅಡಿ 6 ಇಂಚು. 14 ಗಂಟೆಯ ಪ್ರಯಾಣ, ಇಳಿದ ದಿನವೇ ಸೈಟ್‌ನಲ್ಲಿ ಕೆಲಸ. ಹಾಗಾಗಿ ಬಿಸಿನೆಸ್ ಕ್ಲಾಸ್‌ಗೆ ಅನುಮತಿ ಸಿಕ್ಕಿತ್ತು. ಆ ಟಿಕೆಟ್ ತೆಗೆದಾಗ ನನಗೆ ಒಳಗೊಳಗೇ ಹೆಮ್ಮೆ. ಯಾಕೆಂದರೆ ನಾನು ಲೆಕ್ಕ ಹಾಕಿದ್ದೆ: 6 ಅಡಿ 6 ಇಂಚು ಅಂದರೆ 78 ಇಂಚು, ಆ ವಿಮಾನದ ಹಾಸಿಗೆಯ ಉದ್ದವೂ 78 ಇಂಚು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ ಅಂದುಕೊಂಡಿದ್ದೆ.

ವಾಪಸ್ ಬಂದ ಮೇಲೆ ಅವರು ಜಗಳಕ್ಕೇನೂ ಬರಲಿಲ್ಲ. ಪ್ರಿಂಟರ್ ಪಕ್ಕ ಬಿದ್ದಿದ್ದ ಎ4 ಪೇಪರಿನ ಖಾಲಿ ಡಬ್ಬ ಎತ್ತಿಕೊಂಡು, "ಬನ್ನಿ ಮೇಡಂ, ತೋರಿಸ್ತೀನಿ" ಅಂತ ಮೀಟಿಂಗ್ ರೂಮಿಗೆ ಕರೆದುಕೊಂಡು ಹೋದರು. ಕಾರ್ಪೆಟ್ ಮೇಲೆ ಅಂಗಾತ ಮಲಗಿ, ಡಬ್ಬವನ್ನು ಅಡ್ಡ ಮಲಗಿಸಿ ಬಾಯಿ ತಮ್ಮ ಕಡೆ ಮಾಡಿಕೊಂಡು, ಎರಡೂ ಪಾದ ಒಳಗೆ ತೂರಿಸಿದರು. ಹಿಮ್ಮಡಿ ನೆಲಕ್ಕೆ ತಾಗಿತ್ತು, ಹೆಬ್ಬೆರಳು ಡಬ್ಬದ ಮೇಲ್ಭಾಗವನ್ನು ಒತ್ತಿ ರಟ್ಟು ಉಬ್ಬಿತ್ತು. "ಇದು ರಟ್ಟು, ಉಬ್ಬುತ್ತೆ. ಅಲ್ಲಿರೋದು ಗಟ್ಟಿ ಪ್ಲಾಸ್ಟಿಕ್ಕು." ನನ್ನ ಡ್ರಾಯರಿನಲ್ಲಿದ್ದ ಟೇಪು ತಂದು ಅವರ ಪಾದ ಅಳೆದೆ. ಹಿಮ್ಮಡಿಯಿಂದ ಹೆಬ್ಬೆರಳಿಗೆ 30 ಸೆಂಟಿಮೀಟರ್. ಬಾಗಿಲ ಗಾಜಿನಾಚೆ ನಿಂತು ಯಾರೋ ನೋಡುತ್ತಿದ್ದರು. ಏನಂದುಕೊಂಡರೋ.

ಅಷ್ಟು ವರ್ಷ ಈ ಕೆಲಸ ಮಾಡಿದರೂ ನನಗೆ ಆವತ್ತೇ ಹೊಳೆದದ್ದು, ಹಾಸಿಗೆಯ ಉದ್ದ ಅಂತ ಬರೆದಿರುವ ಸಂಖ್ಯೆಯಲ್ಲಿ ಆ ಗೂಡೂ ಸೇರಿದೆ ಅಂತ. ತಲೆದಿಂಬಿನ ತುದಿಯಿಂದ ಗೂಡಿನ ಹಿಂಗೋಡೆವರೆಗೆ ಅಳೆದರೆ 78 ಇಂಚು. ಆದರೆ ಕೊನೆಯ ಒಂದೂವರೆ ಅಡಿ ಮುಂದಿನವರ ಪಕ್ಕದ ಮೇಜಿನ ಕೆಳಗಿರುವ ಸುರಂಗ. ಒಳಗೆ ಹೋಗುತ್ತಾ ಕಿರಿದಾಗುತ್ತದೆ, ಮೇಲಿನಿಂದಲೂ ತಗ್ಗುತ್ತದೆ. ಸಾಲದ್ದಕ್ಕೆ ಅಂಗಾತ ಮಲಗಿ ಮೈ ಸಡಿಲ ಬಿಟ್ಟಾಗ ಪಾದ ಮುಂದಕ್ಕೆ ಬಾಗುತ್ತದೆ, ನಿಂತಾಗಿನ ಎತ್ತರಕ್ಕಿಂತ ಮಲಗಿದ ಉದ್ದವೇ ಹೆಚ್ಚಾಗುತ್ತದೆ. 78ಕ್ಕೆ 78 ಅನ್ನೋ ನನ್ನ ಲೆಕ್ಕ ಬುಡದಲ್ಲೇ ತಪ್ಪು.

ಈ ಗೂಡು ಯಾಕೆ ಬಂತು ಅಂತ ಅರ್ಥವಾದರೆ ಮಿಕ್ಕಿದ್ದೆಲ್ಲ ಸಲೀಸು. ಸೀಟಿನ ಪಿಚ್ ಅಂದರೆ ಒಂದು ಸೀಟಿನ ಒಂದು ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗಿರುವ ದೂರ. ಈಗಿನ ಬಿಸಿನೆಸ್ ಕ್ಲಾಸ್‌ಗಳಲ್ಲಿ ಎಷ್ಟೋ ಕಡೆ ಅದು 42ರಿಂದ 45 ಇಂಚಿನ ಆಸುಪಾಸು. ಅಷ್ಟು ಜಾಗದಲ್ಲಿ 78 ಇಂಚಿನ ಮಂಚ ಹೇಗೆ ಹಿಡಿಸುತ್ತಾರೆ? ಸೀಟನ್ನು ಓರೆಯಾಗಿ ತಿರುಗಿಸುತ್ತಾರೆ, ಇಲ್ಲವೇ ಒಂದು ಸಾಲು ಕಿಟಕಿ ಕಡೆಗೆ, ಮುಂದಿನದು ದಾರಿ ಕಡೆಗೆ ಅಂತ ಸರಿಸಿ, ಹಿಂದಿನವರ ಕಾಲನ್ನು ಮುಂದಿನವರ ಮೊಣಕೈ ಪಕ್ಕದ ಮೇಜಿನ ಕೆಳಗೆ ತೂರಿಸುತ್ತಾರೆ. ಎಲ್ಲರಿಗೂ ದಾರಿ ಸಿಗಬೇಕು, ಯಾರೂ ಯಾರನ್ನೂ ದಾಟಬಾರದು, ಮರೆಯೂ ಇರಬೇಕು. ಇಷ್ಟೆಲ್ಲ ಕೊಟ್ಟ ಮೇಲೆ ಆ ಜಾಗವನ್ನು ಎಲ್ಲಿಂದಲಾದರೂ ಕೀಳಬೇಕಲ್ಲ, ಪಾದದ ಹತ್ತಿರ ಕಿತ್ತಿದ್ದಾರೆ. ಬಿಸಿನೆಸ್ ಕ್ಲಾಸ್‌ನಲ್ಲಿ ಪೂರ್ತಿ ಮಟ್ಟಸವಾದ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ 2000ದಲ್ಲಿ ತಂದಾಗ ಅದಕ್ಕಿದ್ದದ್ದು ಮಡಚಿ ಇಳಿಸುವ ಕಾಲುಮಣೆ. ಅರ್ಧ ಜನ ಹಿಂದಕ್ಕೆ ಮುಖ ಮಾಡಿ ಕೂರಬೇಕು, ಕಿಟಕಿಯವರು ಎದ್ದರೆ ಪಕ್ಕದವರ ಕಾಲು ದಾಟಬೇಕು. ಹಾಗಂತ ಎಲ್ಲರೂ ಬೈದರು. ಆದರೆ ಆ ಮಣೆಯ ಮೇಲೆ ಮುಚ್ಚಿಗೆ ಇರಲಿಲ್ಲ, ಪಾದ ಹೇಗೆ ಬೇಕಾದರೂ ನಿಲ್ಲುತ್ತಿತ್ತು. ಉದ್ದದ ಆಳುಗಳಿಗೆ ಹಳೆಯ ಸೀಟು ಕೆಲವೊಮ್ಮೆ ಹೊಸದಕ್ಕಿಂತ ಹಿತ ಅಂತ ನಾನು ಹೇಳಿದರೆ ನಮ್ಮ ಆಫೀಸಿನಲ್ಲಿ ಈಗಲೂ ನಗುತ್ತಾರೆ.

ಹಾಗಾದರೆ ಗೂಡು ದೊಡ್ಡದಾಗಿರುವ ಸೀಟು ಯಾವುದು? ಬಹುಪಾಲು ವಿಮಾನಗಳಲ್ಲಿ ಕ್ಯಾಬಿನ್ನಿನ ಮೊದಲ ಸಾಲು, ಎದುರಿಗೆ ಬರೀ ಗೋಡೆ ಇರುವಂಥದ್ದು. ಅಲ್ಲಿ ಮುಂದೆ ಇನ್ನೊಬ್ಬರ ಸೀಟಿಲ್ಲ, ಆದ್ದರಿಂದ ಗೂಡನ್ನು ಕಿರಿದು ಮಾಡುವ ಕಾರಣವೂ ಇಲ್ಲ. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಪೊಲಾರಿಸ್ ಅನ್ನೋ ಬಿಸಿನೆಸ್ ಸೀಟುಗಳಲ್ಲಿ ಇದು ಎದ್ದು ಕಾಣುತ್ತದೆ: ಗೋಡೆ ಎದುರಿನ ಸಾಲಿನಲ್ಲಿ ಎರಡು ಪಾದ ಆರಾಮಾಗಿ ಹೊರಳುತ್ತವೆ. ಸಿಂಗಪುರ್ ಏರ್‌ಲೈನ್ಸ್ 2013ರಲ್ಲಿ ತಂದ ಸೀಟು ಇನ್ನೊಂದು ಒಳ್ಳೆಯ ಪಾಠ. 28 ಇಂಚು ಅಗಲ, ಬೆನ್ನನ್ನು ಮುಂದಕ್ಕೆ ಮಗುಚಿದರೆ ಹಾಸಿಗೆ. ಕೂತರೆ ಸಿಂಹಾಸನ. ಆದರೆ ಮಲಗಿದಾಗ ಕಾಲು ಒಂದು ಮೂಲೆಯ ಗೂಡಿಗೆ ಹೋಗಬೇಕು, ಮೈ ಕರ್ಣರೇಖೆಯಂತೆ ಓರೆ. ಅದೇ ಸೀಟು ಗೋಡೆ ಎದುರಿನ ಸಾಲಿನಲ್ಲಿದ್ದರೆ ಮೂಲೆಯ ಗೂಡಿನ ಬದಲು ಅಗಲಕ್ಕೆ ಹಬ್ಬಿದ ಬೆಂಚು. ಒಂದೇ ವಿಮಾನ, ಒಂದೇ ದರ, ಒಂದೇ ಹೆಸರಿನ ಸೀಟು. ಒಬ್ಬರು ನೆಟ್ಟಗೆ ಮಲಗುತ್ತಾರೆ, ಇನ್ನೊಬ್ಬರು ಮುದುಡುತ್ತಾರೆ. ಬುಕಿಂಗ್ ಪರದೆಯಲ್ಲಿ ಎರಡೂ ಒಂದೇ ಅಳತೆಯ ಚೌಕ.

ಜರ್ಮನಿಯ ಲುಫ್ತಾನ್ಸಾ ಇದನ್ನು ಬಾಯಿಬಿಟ್ಟೇ ಹೇಳಿದೆ. 2024ರಲ್ಲಿ ಬಂದ ಅದರ ಅಲೆಗ್ರಿಸ್ ಕ್ಯಾಬಿನ್ನಿನಲ್ಲಿ ಬಿಸಿನೆಸ್ ಕ್ಲಾಸ್‌ನೊಳಗೇ ಹಲವು ಬಗೆಯ ಸೀಟುಗಳಿವೆ, ಅದರಲ್ಲೊಂದು 2.20 ಮೀಟರ್ ಹಾಸಿಗೆಯದು. ಉದ್ದದವರಿಗೆ ಅಂತಲೇ ಬೇರೆ ಸೀಟು. ಅಂಥವು ಕೆಲವೇ ಇರುತ್ತವೆ, ಬೇಗ ಹೋಗಿಬಿಡುತ್ತವೆ.

ಇಷ್ಟು ಕಲಿತ ಹುರುಪಿನಲ್ಲಿ ನಾನು ಎರಡನೇ ತಪ್ಪು ಮಾಡಿದೆ. ಮೊದಲ ಸಾಲೇ ಮಂತ್ರ ಅಂದುಕೊಂಡು ಅದೇ ಎಂಜಿನಿಯರ್‌ಗೆ ಎರಡು ಗಂಟೆಯ ಸಣ್ಣ ಪ್ರಯಾಣಕ್ಕೂ ಮೊದಲ ಸಾಲು ಹಾಕಿದೆ. ನಡುವೆ ಓಡಾಡಲು ಒಂದೇ ದಾರಿ ಇರುವ ಸಣ್ಣ ವಿಮಾನ, ಹಿಂದಕ್ಕೆ ಒರಗುವ ಸೀಟು, ಹಾಸಿಗೆಯಲ್ಲ. ಅಂಥ ಕಡೆ ಮುಂದೆ ಸೀಟಿದ್ದರೆ ಅದರ ಕೆಳಗೆ ಕಾಲು ತೂರಿಸಬಹುದು. ಗೋಡೆ ಇದ್ದರೆ ಪಾದ ಗೋಡೆಗೆ ಬಡಿದು ನಿಲ್ಲುತ್ತದೆ, ಮೊಣಕಾಲು ಮೇಲೇಳುತ್ತದೆ. ಊಟದ ತಟ್ಟೆ ಇಡುವ ಮೇಜೂ ಕೈಯೊರಗಿನೊಳಗಿಂದ ಎದ್ದು ತೊಡೆಯ ಮೇಲೇ ಬಂದು ಕೂರುತ್ತದೆ. ಹಾಸಿಗೆ ಸೀಟಿಗೆ ಗೋಡೆ ಮಿತ್ರ, ಒರಗು ಸೀಟಿಗೆ ಶತ್ರು. ಈ ಸಲ ಫೋಟೋ ಬರಲಿಲ್ಲ, ಒಂದು ಕೈಮುಗಿಯುವ ಇಮೋಜಿ ಬಂತು. ಅದು ಫೋಟೋಗಿಂತ ಕಷ್ಟ.

ಇನ್ನೊಂದು ಬಲೆ ಯೂರೋಪಿನೊಳಗಿನ ಸಣ್ಣ ಪ್ರಯಾಣಗಳದ್ದು. ಅಲ್ಲಿ ಬಹುತೇಕ ಕಂಪನಿಗಳ ಬಿಸಿನೆಸ್ ಕ್ಲಾಸ್ ಅಂದರೆ ಎಕಾನಮಿಯ ಅದೇ ಮೂರು ಸೀಟು, ನಡುವಿನದು ಖಾಲಿ. ಮೊಣಕೈಗೆ ಜಾಗ ಸಿಗುತ್ತದೆ, ಮೊಣಕಾಲಿಗೆ ಸಿಗೋದಿಲ್ಲ. ಉದ್ದದವರಿಗೆ ಅಲ್ಲಿ ಬಿಸಿನೆಸ್‌ಗಿಂತ ಎಕಾನಮಿಯ ತುರ್ತು ಬಾಗಿಲಿನ ಸಾಲು ವಾಸಿ ಅಂತ ನಾನು ಬರೆದು ಕಳಿಸಿದಾಗ ಮ್ಯಾನೇಜರ್ ಸರ್ ಎರಡು ಸಲ ಓದಿದರಂತೆ. ಟ್ರಾವೆಲ್ ಡೆಸ್ಕ್‌ನಿಂದ ಖರ್ಚು ಕಡಿಮೆ ಮಾಡುವ ಸಲಹೆ ಬಂದದ್ದು ಅದೇ ಮೊದಲು.

ಈಗ ಸೀಟು ಹಾಕುವ ಮುಂಚೆ ನಾನು ಎತ್ತರ ಕೇಳಿ ಸುಮ್ಮನಾಗೋದಿಲ್ಲ. "ಹೇಗೆ ಮಲಗ್ತೀರಿ?" ಅಂತ ಕೇಳುತ್ತೇನೆ. ಮೊದಮೊದಲು ಕೇಳೋಕೆ ನಾಚಿಕೆಯಾಗುತ್ತಿತ್ತು, ಈಗ ರೂಢಿಯಾಗಿದೆ. ಅಂಗಾತ ಮಲಗುವವರಿಗೆ ಬೇಕಾದದ್ದು ಗೂಡಿನ ಎತ್ತರ, ಪಾದ ನೆಟ್ಟಗೆ ನಿಲ್ಲಬೇಕು. ಮಗ್ಗುಲಾಗಿ ಮಲಗುವವರು ಹೇಗೂ ಮೊಣಕಾಲು ಮಡಚುತ್ತಾರೆ, ಉದ್ದ ತಾನಾಗಿ ಕಡಿಮೆಯಾಗುತ್ತದೆ. ಅವರಿಗೆ ಬೇಕಾದದ್ದು ಮೊಣಕಾಲಿನ ಹತ್ತಿರ ಮತ್ತು ಭುಜದ ಹತ್ತಿರ ಅಗಲ. ದಾರಿ ಕಡೆಯ ಕೈಯೊರಗು ಕೆಳಗಿಳಿಯುವ ಸೀಟಾದರೆ ಭುಜಕ್ಕೆ ಕೆಲವು ಇಂಚು ಹೆಚ್ಚು ಸಿಗುತ್ತದೆ. ಬೋರಲು ಮಲಗುವವರೂ ಒಬ್ಬರಿದ್ದಾರೆ ನಮ್ಮಲ್ಲಿ. ಅವರ ವಿಷಯದಲ್ಲಿ ನಾನು ಕೈಚೆಲ್ಲಿದ್ದೇನೆ.

ನಮ್ಮ ಬುಕಿಂಗ್ ವ್ಯವಸ್ಥೆಯಲ್ಲಿ ಸೀಟು ನಕ್ಷೆ ತೆರೆದರೆ ಅಕ್ಷರ, ಸಂಖ್ಯೆ, ಚೌಕ ಬಿಟ್ಟು ಏನೂ ಕಾಣೋದಿಲ್ಲ. ಅದಕ್ಕೆ ಏರೋಲೋಪಾ ಅನ್ನೋ ವೆಬ್‌ಸೈಟ್ ತೆರೆದಿಟ್ಟುಕೊಳ್ಳುತ್ತೇನೆ. ಅಲ್ಲಿ ಎಷ್ಟೋ ಕಂಪನಿಗಳ ವಿಮಾನಗಳ ನಕ್ಷೆಯನ್ನು ಅಳತೆಗೆ ತಕ್ಕಂತೆ ಬರೆದಿರುತ್ತಾರೆ. ಕಾಲು ಯಾವ ಕಡೆ ಹೋಗುತ್ತದೆ, ಯಾವ ಸಾಲಿನ ಮುಂದೆ ಗೋಡೆ, ಶೌಚಾಲಯ ಎಷ್ಟು ಹತ್ತಿರ ಅನ್ನೋದು ಗೊತ್ತಾಗುತ್ತದೆ. ಆದರೆ ಮೊದಲು ವಿಮಾನ ಯಾವುದು ಅಂತ ಖಚಿತವಾಗಬೇಕು. 77ಡಬ್ಲ್ಯು ಅಂದರೆ ಬೋಯಿಂಗ್ 777-300ಇಆರ್, 359 ಅಂದರೆ ಏರ್‌ಬಸ್ ಎ350-900, ಈ ಸಂಕೇತ ಬುಕಿಂಗ್ ವಿವರದಲ್ಲೇ ಇರುತ್ತದೆ. ತೊಂದರೆ ಏನೆಂದರೆ ಒಂದೇ ಕಂಪನಿಯ ಒಂದೇ ಮಾದರಿಯೊಳಗೂ ಹಳೆ ಕ್ಯಾಬಿನ್, ಹೊಸ ಕ್ಯಾಬಿನ್ ಎರಡೂ ಹಾರುತ್ತಿರುತ್ತವೆ. ಕೊನೇ ಗಳಿಗೆಯಲ್ಲಿ ವಿಮಾನ ಬದಲಾದರೆ ಕಂಪ್ಯೂಟರ್ ಸೀಟನ್ನು ತನಗೆ ತೋಚಿದ ಕಡೆ ಎಸೆಯುತ್ತದೆ. ಒಮ್ಮೆ ಮೂರು ವಾರ ಮುಂಚೆ ಹಾಕಿಟ್ಟ ಒಂದನೇ ಸಾಲು ಹೊರಡುವ ಹಿಂದಿನ ದಿನ ಎಂಟನೇ ಸಾಲಾಗಿತ್ತು. ಆ ಬದಲಾವಣೆಯ ಮೆಸೇಜ್ ಬುಕಿಂಗ್ ವ್ಯವಸ್ಥೆಯಲ್ಲಿ ಬಂದು ಬಿದ್ದಿತ್ತು, ನಾನೇ ನೋಡಿರಲಿಲ್ಲ. ಈಗ ಹೊರಡುವ ಮೂರು ದಿನ ಮುಂಚೆ ಒಮ್ಮೆ, ಚೆಕ್-ಇನ್ ತೆರೆದ ಕೂಡಲೇ ಇನ್ನೊಮ್ಮೆ ನೋಡುತ್ತೇನೆ.

ಆರೋಗ್ಯದ ಮಾತು ಸ್ವಲ್ಪ. ಉದ್ದದವರ ಸೀಟಿನ ಬೇಡಿಕೆಯನ್ನು ನಖರಾ ಅಂತ ತಳ್ಳಿಹಾಕುವ ಅಕೌಂಟ್ಸ್ ವಿಭಾಗಕ್ಕೆ ನಾನು ಇದನ್ನೇ ಮುಂದಿಡೋದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ರೈಟ್ (WRIGHT) ಹೆಸರಿನ ಅಧ್ಯಯನದ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕೂ ಹೆಚ್ಚು ಕೂತು ಪ್ರಯಾಣ ಮಾಡಿದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿ. ಒಟ್ಟಾರೆ ಅಪಾಯ ಸಣ್ಣದೇ, ಸುಮಾರು 6,000 ಜನರಲ್ಲಿ ಒಬ್ಬರಿಗೆ. ಆದರೆ 1.90 ಮೀಟರಿಗಿಂತ ಎತ್ತರದವರಿಗೆ ಇನ್ನೂ ಹೆಚ್ಚು. 1.60 ಮೀಟರಿಗಿಂತ ಕುಳ್ಳಗಿರುವವರಿಗೂ ಹೆಚ್ಚು, ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅಕೌಂಟ್ಸ್‌ನವರು ಹೇಗೂ ಹುಡುಕಿ ತೆಗೆಯುತ್ತಾರೆ. ಕೂರುವ ಕ್ಲಾಸು ಯಾವುದಾದರೂ ಅಲುಗಾಡದೆ ಬಿದ್ದಿರುವುದೇ ಮೂಲ ತೊಂದರೆ. ಗೂಡಿನಲ್ಲಿ ಸಿಕ್ಕಿಕೊಂಡ ಕಾಲು ಅಲುಗಾಡೋದಾದರೂ ಹೇಗೆ?

ಎಲ್ಲ ಗೊತ್ತಾದ ಮೇಲೂ ಉಳಿದ ಒಂದು ಗಂಟು ಆಫೀಸಿನದೇ. ತಂಡವಾಗಿ ಹೋಗುವಾಗ ಮೊದಲ ಸಾಲು ದೊಡ್ಡ ಹುದ್ದೆಯವರಿಗೆ ಅನ್ನೋದು ನಮ್ಮಲ್ಲಿ ಎಲ್ಲೂ ಬರೆಯದ ನಿಯಮ. ನಮ್ಮ ಡೈರೆಕ್ಟರ್ 5 ಅಡಿ 4 ಇಂಚು, ಯಾವ ಗೂಡಿನಲ್ಲಾದರೂ ಹಿಡಿಸುತ್ತಾರೆ. ಆದರೂ ಒಂದನೇ ಸಾಲಿನ ನಡುವಿನ ಸೀಟು ಅವರದ್ದು, ಅವರ ಹಿಂದೆ ಎಲ್ಲೋ ನಮ್ಮ ಆರೂವರೆ ಅಡಿಯ ಎಂಜಿನಿಯರ್ ಕಾಲು ಮಡಚಿಕೊಂಡು. ಕಳೆದ ತಿಂಗಳು ಇಬ್ಬರೂ ಒಟ್ಟಿಗೆ ಹೊರಟಿದ್ದರು. ಪಾದ, ಗೂಡು, ಸೆಂಟಿಮೀಟರ್ ಅಂತ ಅವರ ಮುಂದೆ ನಿಂತು ವಿವರಿಸುವ ಧೈರ್ಯ ನನಗಿರಲಿಲ್ಲ. ಬೇರೆ ದಾರಿ ಹಿಡಿದೆ.

"ಸರ್, ಆ ಸೀಟಿನ ಎದುರಿನ ಗೋಡೆಗೇ ಮಗುವಿನ ತೊಟ್ಟಿಲು ಸಿಕ್ಕಿಸೋದು. ಪಕ್ಕದಲ್ಲಿ ಮಗು ಬಂದ್ರೆ ಅಂತ..."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಪರದೆ ಆಚೆ ಅಡುಗೆಮನೆ ಲೈಟೂ ಅಲ್ಲೇ ಬರುತ್ತಲ್ವಾ?"

"ಬರುತ್ತೆ ಸರ್. ರಾತ್ರಿಯೆಲ್ಲ ಟ್ರಾಲಿ ಸದ್ದೂ ಇರುತ್ತೆ."

"ಅಲ್ರೀ, ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ? ನನಗೆ ಐದನೇ ಸಾಲು ಹಾಕಿ."

ಹಾಕಿದೆ. ಮಾರನೇ ದಿನ ಎಂಜಿನಿಯರ್‌ರಿಂದ ಏನೂ ಬರಲಿಲ್ಲ. ಫೋಟೋ ಇಲ್ಲ, ಇಮೋಜಿ ಇಲ್ಲ. ಮಧ್ಯಾಹ್ನ ನಾನೇ ತಡೆಯಲಾರದೆ "ತಲುಪಿದ್ರಾ ಸರ್?" ಅಂತ ಕಳಿಸಿದೆ. ಸಂಜೆ ಉತ್ತರ ಬಂತು: "ಈಗ ನೋಡಿದೆ. ಇಳಿಯೋವರೆಗೂ ಮಲಗೇ ಇದ್ದೆ ಮೇಡಂ. ಪಕ್ಕದಲ್ಲಿ ಒಂದು ಮಗು ಇತ್ತಂತೆ."