ಪಕ್ಕದ ಮನೆ ಹುಡುಗಿ ಬ್ಯಾಂಕಾಕಿಗೆ ಹೊರಟಳು

ಲಾವೋಸ್ ಅಂದ್ರೆ ಕಾಲವೇ ನಿಂತುಹೋದ ದೇಶ ಅಂತ ಪ್ರವಾಸ ಬಂದು ಹೋದವರು ಬರೆಯುತ್ತಾರೆ. ಲುವಾಂಗ್ ಪ್ರಬಾಂಗ್‌ನಲ್ಲಿ ಬೆಳಗಿನ ಜಾವ ಭಿಕ್ಷೆಗೆ ಹೊರಟ ಸನ್ಯಾಸಿಗಳ ಸಾಲು, ಮೆಕಾಂಗ್ ದಂಡೆಯ ಸೂರ್ಯಾಸ್ತ, ಅಲ್ಲಿಗೆ ಮುಗೀತು. ರಾಜಧಾನಿ ವಿಯೆಂಟಿಯಾನ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸಂತೆಯಿಂದ ತರಕಾರಿ ತರುವ ನನಗೆ ಹಾಗೇನೂ ಅನ್ನಿಸಿಲ್ಲ. ಹಸಿ ಪಪ್ಪಾಯಿ ಕುಟ್ಟಿ ಸಲಾಡ್ ಮಾಡಿಕೊಡುವ ಅಜ್ಜಿಯ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತಾಡುತ್ತಿದೆ. (ಸಸ್ಯಾಹಾರಿಗಳೇ, ಅದಕ್ಕೂ ಪಾದೇಕ್ ಅಂತ ಕೊಳೆಸಿದ ಮೀನಿನ ರಸ ಸುರಿಯುತ್ತಾರೆ. ಮೊದಲೇ ಬೇಡ ಅನ್ನಿ.) 2021ರ ಡಿಸೆಂಬರ್‌ನಲ್ಲಿ ಚೀನಾ ಕಡೆಯ ರೈಲು ಶುರುವಾದ ಮೇಲೆ ಲುವಾಂಗ್ ಪ್ರಬಾಂಗ್ ಎರಡೇ ಗಂಟೆ ದಾರಿ. ರೈಲು ಚೆನ್ನಾಗಿದೆ. ಅದಕ್ಕೆ ಮಾಡಿದ ಸಾಲ ಮಾತ್ರ ದೇಶದ ಹೆಗಲ ಮೇಲಿದೆ.

ಇಲ್ಲಿಯ ದುಡ್ಡಿನ ಕಥೆ ಕೇಳಿ. 2021ರ ಹೊತ್ತಿಗೆ ಡಾಲರಿಗೆ ಸುಮಾರು 10 ಸಾವಿರ ಕಿಪ್ ಇತ್ತು. 2023ರ ಕೊನೆಗೆ 20 ಸಾವಿರ ದಾಟಿತು. ಆ ವರ್ಷದ ಶುರುವಿನಲ್ಲಿ ಬೆಲೆ ಏರಿಕೆ ಶೇಕಡಾ 40 ಮುಟ್ಟಿತ್ತು. ಸಂಬಳ ಆ ಓಟಕ್ಕೆ ಏದುಸಿರು ಬಿಟ್ಟಿತು. ನದಿ ಆಚೆ ಥಾಯ್ಲೆಂಡ್, ಅಲ್ಲಿಯ ದುಡ್ಡು ಬಾತ್, ಅದು ಗಟ್ಟಿ. ಚಿಕ್ಕಂದಿನಿಂದ ಥಾಯ್ ಟೀವಿ ನೋಡಿ ಬೆಳೆದವರಿಗೆ ಭಾಷೆಯೂ ತೊಡಕಲ್ಲ. ಓದು ಬಿಟ್ಟು, ಕೆಲಸ ಬಿಟ್ಟು, ಹುಡುಗ ಹುಡುಗಿಯರು ಸೇತುವೆ ದಾಟುತ್ತಿದ್ದಾರೆ.

ನಮ್ಮ ಪಕ್ಕದ ಮನೆ ಹುಡುಗಿಯೂ ಹೊರಟಳು. ಬ್ಯಾಂಕಾಕಿನಲ್ಲಿ ಹೋಟೆಲ್ ಕೆಲಸ. ಹಿಂದಿನ ದಿನ ಮನೆಯಲ್ಲಿ ಬಾಸಿ, ಅಂದರೆ ಕೈಗೆ ದಾರ ಕಟ್ಟಿ ಹರಸುವ ಶಾಸ್ತ್ರ, ಇಟ್ಟುಕೊಂಡಿದ್ದರು, ನನ್ನನ್ನೂ ಕರೆದರು.

ನಡುಮನೆಯಲ್ಲಿ ಚಾಪೆ. ಅದರ ಮೇಲೆ ಬಾಳೆಎಲೆ ಮಡಚಿ ಗೋಪುರದ ಹಾಗೆ ಕಟ್ಟಿ, ಚೆಂಡುಹೂವು ಸಿಕ್ಕಿಸಿದ ಫಾ ಖ್ವನ್. ಅದರ ಕಡ್ಡಿಗಳಿಂದ ಬಿಳಿ ಹತ್ತಿ ದಾರಗಳು ಇಳಿಬಿದ್ದಿದ್ದವು. ಬುಡದಲ್ಲಿ ಬೇಯಿಸಿದ ಕೋಳಿ, ಮೊಟ್ಟೆ, ಅಂಟು ಅನ್ನ, ಒಂದು ಬಾಟ್ಲಿ ಅಕ್ಕಿ ಸಾರಾಯಿ. ಮನುಷ್ಯನ ಮೈಯಲ್ಲಿ 32 ಖ್ವನ್‌ಗಳಿವೆ, ಅವು ಜೀವ ಕಾಯುತ್ತವೆ ಅಂತ ಇವರ ನಂಬಿಕೆ. ಕಾಯಿಲೆ ಬಿದ್ದರೆ, ಹೆದರಿದರೆ, ದೂರ ಹೋದರೆ ಅವು ಎಲ್ಲೆಲ್ಲೋ ಅಲೆಯುತ್ತವಂತೆ. ಊರಿನ ಹಿರಿಯರೊಬ್ಬರು ರಾಗವಾಗಿ ಮಂತ್ರ ಹೇಳಿ ಅವನ್ನೆಲ್ಲ ವಾಪಸ್ ಕರೆದರು.

ಆಮೇಲೆ ದಾರ ಕಟ್ಟುವುದು. ನಮ್ಮ ಮದುವೆಯ ಕಂಕಣದ ಹಾಗೆ, ಆದರೆ ಇಲ್ಲಿ ಬಂದವರೆಲ್ಲ ಒಬ್ಬೊಬ್ಬರಾಗಿ ಕಟ್ಟುತ್ತಾರೆ. ಹುಡುಗಿ ಅಂಗೈಯಲ್ಲಿ ಮೊಟ್ಟೆ ಹಿಡಿದು ಕೈ ಚಾಚಿದ್ದಳು. ಕೈಗೆ ಕೈ ಎಟುಕದವರು ಮುಂದಿನವರ ಮೊಣಕೈ ಮುಟ್ಟಿಕೊಂಡು ಕೂತರು. ದಾರದ ತುದಿಯಿಂದ ಮಣಿಕಟ್ಟು ಸವರಿ, ಗಂಟು ಹಾಕಿ, ಬಾಯಲ್ಲಿ ಹರಕೆ: ಆರೋಗ್ಯವಾಗಿರು, ದುಡ್ಡು ಬರಲಿ, ಒಳ್ಳೆ ಗಂಡ ಸಿಗಲಿ. ಗಂಡನ ಮಾತಿಗೆ ಎಲ್ಲರೂ ನಕ್ಕರು. ಕೆಲವರು ಸುರುಳಿ ಸುತ್ತಿದ ಕಿಪ್ ನೋಟು ದಾರದ ಜೊತೆಗೇ ಕಟ್ಟಿದರು. ಅವಳ ಅತ್ತೆಯೊಬ್ಬರು ಕಟ್ಟಿದ್ದು 100 ಬಾತ್ ನೋಟು. ಅಲ್ಲಿ ನಡೆಯೋದು ಇದೇ ಅಲ್ವಾ, ಅಂದರು.

ದಾರವನ್ನು ಮೂರು ದಿನವಾದರೂ ತೆಗೆಯುವಂತಿಲ್ಲ. ಕತ್ತರಿ ಹಾಕಲೇಬಾರದು, ಗಂಟು ಬಿಚ್ಚಬೇಕು.

ಹಳೆ ಆಚಾರ, ಹೊಸ ಬದುಕು ಅಂತ ಎರಡು ಡಬ್ಬಿ ಮಾಡಿಟ್ಟುಕೊಂಡು ಬಂದಿದ್ದರೆ ನನಗೆ ಆ ಸಂಜೆ ಏನೂ ಗೊತ್ತಾಗುತ್ತಿರಲಿಲ್ಲ. ಹೋಗುವವರು ಜಾಸ್ತಿಯಾದಷ್ಟೂ ದಾರಕ್ಕೆ ಕೆಲಸ ಜಾಸ್ತಿ. ಅವಳ ತಮ್ಮ ಇಡೀ ಬಾಸಿಯನ್ನು ಫೇಸ್‌ಬುಕ್ ಲೈವ್ ಮಾಡುತ್ತಿದ್ದ. ಆಗಲೇ ಬ್ಯಾಂಕಾಕ್ ಸೇರಿದ್ದ ಅಣ್ಣ ಅಲ್ಲಿಂದಲೇ ಹಾರ್ಟು ಒತ್ತುತ್ತಿದ್ದ.

ಇವರೆಲ್ಲ ಊರಿಗೆ ಬರುವುದು ಏಪ್ರಿಲ್ ನಡುವಿನ ಪೀ ಮಾಯ್ ಎಂಬ ಇಲ್ಲಿಯ ಹೊಸ ವರ್ಷಕ್ಕೆ, ಅಂದರೆ ನಮ್ಮ ತುಳುನಾಡಿನ ಬಿಸು ಹೊತ್ತಿಗೆ. ಆಗ ಮತ್ತೆ ದಾರ, ಮತ್ತೆ ಸಾರಾಯಿ, ರಸ್ತೆ ತುಂಬ ನೀರಾಟ. ನೀವು ಬರೋದಾದ್ರೆ ಆಗಲೇ ಬನ್ನಿ. ಫೋನಿಗೊಂದು ಪ್ಲಾಸ್ಟಿಕ್ ಕವರ್ ತನ್ನಿ, ಬಕೆಟ್ ಹಿಡಿದವರು ಪರದೇಶದವರು ಅಂತ ಬಿಡೋದಿಲ್ಲ.