ಮಿಡ್-ಡ್ರೈವ್ ಸೈಕಲ್: ಮೋಟಾರಿಗೂ ಹಗುರ ಗೇರ್ ಬೇಕು (ನಾಲ್ಕನೇ ವಾರ)

ಭಾನುವಾರ ಏರು ಹತ್ತಿ ಮುಗಿಸಿ ಮೋಟಾರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಅಷ್ಟೇ. ಮೊದಲ ವಾರ ಅದೇ ಏರಿನ ತುದಿಯಲ್ಲಿ ಎರಡು ಸೆಕೆಂಡ್ ಕೂಡ ಕೈ ಇಡೋಕೆ ಆಗಿರಲಿಲ್ಲ. ಮೋಟಾರ್ ಅದೇ, ಬ್ಯಾಟರಿ ಅದೇ. ತುಂಬಾ ಖುಷಿಯಾಯಿತು.

ಹೊಸಬರಿಗೆ: ನನ್ನದು ಮಾಮೂಲಿ ಸೈಕಲ್ಲಿಗೆ ಪೆಡಲ್ ಬಳಿ ಮೋಟಾರ್ ಕೂರಿಸುವ (ಮಿಡ್-ಡ್ರೈವ್) 48 ವೋಲ್ಟ್, 750 ವ್ಯಾಟ್ ಕಿಟ್. ಹಿಂದೆ 11ರಿಂದ 34 ಹಲ್ಲಿನ ಕ್ಯಾಸೆಟ್ (ಹಿಂಚಕ್ರದ ಗೇರ್ ಚಕ್ರಗಳ ಗೊಂಚಲು), ಮುಂದೆ 46 ಹಲ್ಲಿನ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲಿನ ಚಕ್ರ) ಇತ್ತು. ಇದಕ್ಕೂ ಮೊದಲು ಹಬ್ ಮೋಟಾರ್ ಓಡಿಸುತ್ತಿದ್ದೆ. ಅಲ್ಲಿ ಮೋಟಾರ್ ಚಕ್ರದಲ್ಲೇ ಇರುತ್ತದೆ, ಗೇರ್ ಬರೀ ಕಾಲಿಗೆ. ಮಿಡ್-ಡ್ರೈವ್‌ನಲ್ಲಿ ಮೋಟಾರ್ ಕೂಡ ನಮ್ಮ ಹಾಗೆ ಚೈನ್ ಮೂಲಕವೇ ಎಳೆಯಬೇಕು. ನಾನು ಹಳೇ ಅಭ್ಯಾಸದಲ್ಲಿ 15 ಹಲ್ಲಿನ ಗೇರಿನಲ್ಲೇ ಏರು ಹತ್ತುತ್ತಿದ್ದೆ. ಮೋಟಾರ್ ಗೊರಗೊರ ಅನ್ನುತ್ತಿತ್ತು. ಅದು ಶಕ್ತಿಯ ಸದ್ದು ಅಂದುಕೊಂಡಿದ್ದೆ, ಅದು ಒದ್ದಾಟದ ಸದ್ದು.

ಲೆಕ್ಕ ಹಾಕಿದ ಮೇಲೆ ಕಣ್ಣು ತೆರೆಯಿತು. ನನ್ನ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 15ರ ಗೇರಿದ್ದರೆ ಪೆಡಲ್ ನಿಮಿಷಕ್ಕೆ ಬರೀ 37 ಸುತ್ತು, ಮೋಟಾರೂ ಅದಕ್ಕೆ ತಕ್ಕಂತೆ ನಿಧಾನ. ಅದೇ ವೇಗಕ್ಕೆ 28ರ ಗೇರ್ ಹಾಕಿದರೆ ಸುಮಾರು 69. ಏರು ಅದೇ, ವೇಗ ಅದೇ, ಆದರೆ ಮೊದಲನೆಯದರಲ್ಲಿ ಮೋಟಾರ್ ತಿರುಚಬೇಕಾದ ಬಲ ಸುಮಾರು 1.9 ಪಟ್ಟು. ಬಲ ಹೆಚ್ಚಿದಷ್ಟೂ ಮೋಟಾರಿನೊಳಗಿನ ತಂತಿ ಸುರುಳಿಯಲ್ಲಿ ಕರೆಂಟ್ ಹೆಚ್ಚುತ್ತದೆ, ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ. ಅಂದರೆ ತಂತಿಯಲ್ಲಿ ಸುಮಾರು ಮೂರೂವರೆ ಪಟ್ಟು ಬಿಸಿ! ಗೇರ್ ಲಿವರ್ ಮೂರ್ನಾಲ್ಕು ಸಲ ಒತ್ತಿದ್ದರೆ ಇದು ತಪ್ಪುತ್ತಿತ್ತು ಅಲ್ವಾ?

ಡಿಸ್ಪ್ಲೇ ಇದನ್ನು ಹೇಳುವುದಿಲ್ಲ. ಅದು ತೋರಿಸುವ ಆಂಪ್ ಬ್ಯಾಟರಿಯಿಂದ ಬರುವುದು. ಮೋಟಾರ್ ನಿಧಾನ ತಿರುಗುವಾಗ ಕಂಟ್ರೋಲರ್ (ಮೋಟಾರಿಗೆ ಕರೆಂಟ್ ಹಂಚುವ ಪೆಟ್ಟಿಗೆ) ವೋಲ್ಟೇಜ್ ಇಳಿಸಿ, ಸುರುಳಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಕೊಡುತ್ತದೆ. ಅದಕ್ಕೇ ಈಗ ನಾನು ಆಂಪ್ ನೋಡುವುದು ಬಿಟ್ಟು ಪೆಡಲ್ ಎಣಿಸುತ್ತೇನೆ. 15 ಸೆಕೆಂಡಿಗೆ 17 ಸುತ್ತಿಗಿಂತ ಕಡಿಮೆಯಾದರೆ ಗೇರ್ ಇಳಿಸು, ಅಂದರೆ ಹಿಂದೆ ಹೆಚ್ಚು ಹಲ್ಲಿನ ಚಕ್ರಕ್ಕೆ ಹೋಗು. ಈ ಒಂದು ನಿಯಮ ಸಾಕು.

ಮೂರನೇ ವಾರ ಮುಂದಿನ ರಿಂಗನ್ನು 42ಕ್ಕೆ ಬದಲಿಸಿದೆ. ಚೈನಿನಲ್ಲಿ ಎರಡು ಕೊಂಡಿ ಕಡಿಮೆ ಮಾಡಿದೆ. ಈಗ 34ರ ಗೇರಿನಲ್ಲಿ ಗಂಟೆಗೆ 12 ಕಿ.ಮೀ. ಹೋದರೂ ಪೆಡಲ್ 74 ಸುತ್ತು ತಿರುಗುತ್ತದೆ. ಒಂದು ತೊಂದರೆ ಇದೆ: ಮೋಟಾರಿನ ಡಬ್ಬಿ ಅಡ್ಡ ಬರುವುದರಿಂದ ಚಿಕ್ಕ ರಿಂಗ್ ಸ್ವಲ್ಪ ಹೊರಗೆ ಕೂತಿದೆ, 34ರಲ್ಲಿ ಚೈನ್ ಓರೆಯಾಗಿ ಓಡುತ್ತದೆ. ಕಡಿದಾದ ಜಾಗಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ.

ಗೇರ್ ಬದಲಿಸುವಾಗ ಮಾತ್ರ ತುಂಬಾ ಜೋಪಾನ. ಮೋಟಾರ್ ಎಳೆಯುತ್ತಿರುವಾಗಲೇ ಲಿವರ್ ಒತ್ತಿ ಒಂದು ಸಲ 'ಟಣ್' ಅಂತ ಸದ್ದು ಕೇಳಿದ್ದೆ. ಕೆಳಗಿಳಿದು ನೋಡಿದರೆ 15ರ ಚಕ್ರದ ಒಂದು ಹಲ್ಲಿನ ಅಂಚು ಸೀಳಿತ್ತು, ಬೆರಳಿಗೆ ಚುಚ್ಚುತ್ತಿತ್ತು. ಗೇರ್ ಬದಲಾಗುವಾಗ ತಾನೇ ಮೋಟಾರ್ ನಿಲ್ಲಿಸುವ ಗೇರ್ ಸೆನ್ಸರ್ ನನ್ನ ಕಿಟ್ಟಿನಲ್ಲಿ ಇಲ್ಲ. ಹಾಗಾಗಿ ಈಗ ಬ್ರೇಕ್ ಲಿವರನ್ನು ಒಂಚೂರು ಅದುಮುತ್ತೇನೆ. ಬ್ರೇಕ್ ಹಿಡಿಯುವ ಮೊದಲೇ ಕಟ್‌ಆಫ್ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ಪೆಡಲ್ ಹಗುರವಾಗಿ ಅರ್ಧ ಸುತ್ತು, ಗೇರ್ ಕೂತಿತು, ಲಿವರ್ ಬಿಡು. ಏರು ಶುರುವಾಗುವ ಮೊದಲೇ ಇದನ್ನು ಮುಗಿಸಿದರೆ ಇನ್ನೂ ಒಳ್ಳೆಯದು.

ಚೈನ್ ಅಳತೆಯನ್ನೂ ಶುರು ಮಾಡಿದ್ದೇನೆ, ಸವೆದಂತೆ ಅದು ಉದ್ದವಾಗುತ್ತದೆ. ಹೊಸ ಚೈನಿನ 24 ಕೊಂಡಿ 304.8 ಮಿ.ಮೀ. ಇರುತ್ತದೆ. ನನ್ನದು ಈಗ 305.5. 306.3 ಮುಟ್ಟಿದ ದಿನ ಬದಲಿಸುತ್ತೇನೆ, ಇಲ್ಲದಿದ್ದರೆ ಕ್ಯಾಸೆಟ್ಟನ್ನೂ ತಿಂದು ಹಾಕುತ್ತದೆ.

ಕಂಟ್ರೋಲರ್ ಮಿತಿಯನ್ನು 25 ಆಂಪಿನಿಂದ 18ಕ್ಕೆ ಇಳಿಸಿದ್ದೇನೆ. ಸರಿಯಾದ ಗೇರಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಮುಂದಿನ ವಾರ ಹಿಂದೆ 15 ಕೆ.ಜಿ. ಹೇರಿಕೊಂಡು ಅದೇ ಏರು.